ಆ ಗೋಲಿನ ವಿಷಯದಲ್ಲಿ ನನ್ನ ನಿಷ್ಪಕ್ಷಪಾತ

ನಿಷ್ಪಕ್ಷಪಾತ ಎಂಬ ಗುಣ ನನಗೆ ಹುಟ್ಟಿನಿಂದಲೇ ಬಂದದ್ದು. ಕಾನ್ವೆಂಟಿನಲ್ಲಿ ಐದು ವರ್ಷ ನಾನೇ ಕ್ಲಾಸ್ ಲೀಡರ್. ಮಾತಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವಾಗ ಬೆಸ್ಟ್ ಫ್ರೆಂಡನ್ನೂ ಬಿಟ್ಟವಳಲ್ಲ. ಒಮ್ಮೆ ನನ್ನ ಹೆಸರನ್ನೇ ಬರೆದುಕೊಂಡಿದ್ದೆ! ಸಿಸ್ಟರ್ ಬಾಯ್ತುಂಬ ಹೊಗಳಿ, ಆಮೇಲೆ ಬೆಂಚಿನ ಮೇಲೆ ನಿಲ್ಲಿಸಿದರು.

ಆನ್‌ಲೈನ್ ವಿಶ್ವಕೋಶದಲ್ಲಿ ಯಾರು ಬೇಕಾದರೂ ಬರೆಯಬಹುದು, ಆದರೆ ಜಗಳವಿರುವ ವಿಷಯವನ್ನು ಯಾರ ಪಕ್ಷವನ್ನೂ ವಹಿಸದೆ ಬರೆಯಬೇಕು ಎಂದು ಓದಿದಾಗ, ಅದು ನನಗೆಂದೇ ಕಳಿಸಿದ ಆಹ್ವಾನ ಎನಿಸಿತು. ಕೆಜಿಎಫ್‌ನ ನಮ್ಮ ಬಡಾವಣೆ ಊರಿಗಾಂ ಬಗೆಗಿನ ಪುಟದಲ್ಲಿ ಚಿನ್ನದ ಗಣಿಯಿತ್ತು, ಸ್ಟೇಷನ್ ಇತ್ತು. ಫುಟ್‌ಬಾಲ್ ಇರಲಿಲ್ಲ. ಫುಟ್‌ಬಾಲ್ ಇಲ್ಲದ ಕೆಜಿಎಫ್! ವಾಟ್ ನಾನ್‌ಸೆನ್ಸ್!

ಜಗಳವಂತೂ ದಿನಾ ಸಂಜೆ ನಮ್ಮ ವರಾಂಡದಲ್ಲೇ ಕೂತು ಕಾಫಿ ಕುಡಿಯುತ್ತಿತ್ತು. ಊರಿಗಾಂ ಗಣಿಗೂ ನಂದಿದುರ್ಗ ಗಣಿಗೂ ಐವತ್ತು ವರ್ಷದ ಹಿಂದೆ ನಡೆದ ಒಂದು ಫೈನಲ್. ಊರಿಗಾಂ ಗೋಲ್‌ಕೀಪರ್ ನಮ್ಮ ಯಜಮಾನರು ಶ್ರೀನಿವಾಸ. ನಂದಿದುರ್ಗದ ಫಾರ್ವರ್ಡ್ ಮುನಿಸ್ವಾಮಿ, ಈಗ ನಮ್ಮ ಎದುರು ಮನೆಯಾತ. ಕೊನೆಯ ನಿಮಿಷದಲ್ಲಿ ಮುನಿಸ್ವಾಮಿ ಒದ್ದ ಚೆಂಡು ಗೆರೆ ದಾಟಿತೋ ಇಲ್ಲವೋ? ಪಕ್ಕದಲ್ಲಿ ಗಣಿಯ ತ್ಯಾಜ್ಯದ ಮಣ್ಣು ಸುರಿದ ಸೈನೈಡ್ ಗುಡ್ಡದಿಂದ ಧೂಳೆದ್ದು ರೆಫರಿಗೆ ಏನೂ ಕಾಣಲಿಲ್ಲ. ಗೋಲ್ ಇಲ್ಲ ಎಂದರು. ಕಪ್ ಊರಿಗಾಂಗೆ ಬಂತು.

ನನಗೆ ಕಂಡಿತ್ತು.

ಮದುವೆಗೆ ಮುಂಚಿನ ಮಾತು. ಮ್ಯಾಚ್ ನೆಪದಲ್ಲಿ ಗೋಲ್‌ಕೀಪರನ್ನು ನೋಡಲು ಬಲೆಯ ಹಿಂದೆಯೇ ನಿಂತಿದ್ದೆ. ಚೆಂಡು ಒಂದು ಮೊಳ ಒಳಗೆ ಬಂದಿತ್ತು. ಇವರು ಧೂಳಿನೊಳಗೇ ಆಚೆ ಎಳೆದುಕೊಂಡರು. ಅದು ಅವರು ಬಾಳಿನಲ್ಲಿ ಗೆದ್ದ ಒಂದೇ ಕಪ್. ಇಂದಿಗೂ ಆ ಮಾತು ಬಂದರೆ ಮಂಡಿ ನೋವು ಮರೆತು ಎದ್ದು ನಿಲ್ಲುತ್ತಾರೆ. ಹೇಗೆ ಹೇಳಲಿ? ಐವತ್ತು ವರ್ಷ ಬಾಯಿ ಬಿಟ್ಟಿರಲಿಲ್ಲ.

"ಚೆಂಡು ಗೆರೆ ದಾಟಿತೆಂದು ಕೆಲವರೂ, ದಾಟಲಿಲ್ಲವೆಂದು ಕೆಲವರೂ ಅಭಿಪ್ರಾಯಪಡುತ್ತಾರೆ" ಎಂದು ಬರೆದು ವರಾಂಡದಲ್ಲಿ ಗಂಭೀರವಾಗಿ ಓದಿದೆ.

"ಕೆಲವರು ಅಂದ್ರೆ ಯಾರೇ? ರೆಫರಿ ಹೇಳಿದ್ದು ‘ಕೆಲವರು’ ಹೇಳಿದ್ದಾ?" ಎಂದರು ಯಜಮಾನರು.

"ಅಲ್ಲಕ್ಕಾ, ನಂದಿದುರ್ಗದ ಗಣಿ ಮನೆಗಳ ಲೈನಿಗೆ ಲೈನೇ ಗೋಲು ಅಂತ ಏಳ್ತೈತೆ. ನಮ್ಮನ್ನ ಕೆಲವರು ಮಾಡ್ಬುಟ್ರಾ?" ಎಂದ ಮುನಿಸ್ವಾಮಿ.

"ಇಬ್ಬರಿಗೂ ಸಿಟ್ಟು ಬಂದಿದೆ. ಅಂದರೆ ನಾನು ಕರೆಕ್ಟ್!" ಎಂದೆ.

ಇಬ್ಬರ ವಾದಕ್ಕೂ ಮೂರು ಮೂರು ಸಾಲು ಕೊಟ್ಟು, ಪರದೆಯ ಮೇಲೆ ಸ್ಕೇಲಿಟ್ಟು ಅಳೆದೆ. "ಅಣ್ಣನ ಎಸ್ರು ಯಾಕಕ್ಕಾ ಮೊದ್ಲು?" ಎಂದ ಮುನಿಸ್ವಾಮಿ. ನ್ಯಾಯವೇ! ವರ್ಣಮಾಲೆಯ ಪ್ರಕಾರ ಅವನನ್ನು ಮುಂದೆ ಹಾಕಿದೆ. ಯಜಮಾನರು ಆವತ್ತು ಕಾಫಿ ಮುಟ್ಟಲಿಲ್ಲ.

ಬರಹ ಪ್ರಕಟವಾಯಿತು. ಮರುದಿನ ‘ಚರ್ಚೆ’ ಎಂಬಲ್ಲಿ ಒಬ್ಬ ಸಂಪಾದಕರ ಪ್ರಶ್ನೆ: "ಈ ವಿಷಯದೊಂದಿಗೆ ನಿಮಗೆ ವೈಯಕ್ತಿಕ ಸಂಬಂಧವಿದೆಯೇ? ಇದ್ದರೆ ತಿಳಿಸಿ."

ಸಾಕ್ಷಾತ್ ನಮ್ಮ ಸಿಸ್ಟರ್ ಧಾಟಿ! ಕೇಳಿದ ಮೇಲೆ ಮುಚ್ಚಿಡುವುದುಂಟೆ? ನಮ್ಮಿಬ್ಬರ ನಡುವಿನ ಪತ್ರವೆಂದೇ ತಿಳಿದು ಬರೆದೆ: "ಮಾನ್ಯರೇ, ಇದೆ. ಗೋಲ್‌ಕೀಪರ್ ನನ್ನ ಪತಿ. ಚೆಂಡು ಒಂದು ಮೊಳ ಒಳಗೆ ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೂ ಬರಹದಲ್ಲಿ ಅದನ್ನು ಸೇರಿಸಿಲ್ಲ. ನನ್ನ ನಿಷ್ಪಕ್ಷಪಾತವನ್ನು ದಯವಿಟ್ಟು ಗಮನಿಸತಕ್ಕದ್ದು."

ಎದೆ ಹಗುರಾಯಿತು. ಆ ಉತ್ಸಾಹದಲ್ಲೇ ಪುಟದ ಲಿಂಕನ್ನು ನಮ್ಮ ಬೀದಿಯ ಗ್ರೂಪಿಗೆ ಕಳಿಸಿಬಿಟ್ಟೆ. ಎಲ್ಲರೂ ಓದಲಿ!

ಓದಿದರು.

ಮುನಿಸ್ವಾಮಿ ಚಪ್ಪಲಿಯಿಲ್ಲದೆ, ಮೊಬೈಲನ್ನು ಗೆದ್ದ ಕಪ್ಪಿನಂತೆ ಎತ್ತಿ ಹಿಡಿದು ಬೀದಿ ದಾಟಿ ಬಂದ. "ಅಣ್ಣಾ! ಬಾರಣ್ಣಾ ಈಚೆ! ಗೋಲು ಕಣಣ್ಣಾ! ಅಕ್ಕನೇ ಬರ್ದವ್ರೆ!"

"ಅಯ್ಯೋ, ಅದು ಪ್ರೈವೇಟ್!"

"ಎಂಥ ಪ್ರೈವೇಟಕ್ಕಾ? ‘ಚರ್ಚೆ’ ಅಂತ ಒತ್ತಿದ್ರೆ ಲೋಕಕ್ಕೆಲ್ಲ ಕಾಣ್ತೈತೆ!"

ಟ್ಯಾಬ್ ತೆಗೆದು ಗಡಿಬಿಡಿಯಲ್ಲಿ ನನ್ನ ಉತ್ತರವನ್ನು ಅಳಿಸಿದೆ.

"ಪುಟದ ‘ಇತಿಹಾಸ’ ಒತ್ತಿದ್ರೆ ಅದ್ರಾಗೆ ಎಲ್ಲಾ ಐತಕ್ಕಾ. ನೀವು ಅಳ್ಸಿದ್ದೂ ಬಂದೈತೆ, ಗಂಟೆ ನಿಮಿಷ ಸಮೇತ!"

ಯಜಮಾನರು ಕನ್ನಡಕ ಹಾಕಿಕೊಂಡು ಮೊಬೈಲ್ ಇಸಿದುಕೊಂಡರು. ನಿಧಾನವಾಗಿ ಓದಿದರು. ಒಂದು ಸಲವೂ ನನ್ನ ಕಡೆ ನೋಡಲಿಲ್ಲ. ಬೆರಳಿನಿಂದ ಇನ್ನಷ್ಟು ಕೆಳಗೆ ಸರಿಸಿದರು. ಮುಖ ಅರಳಿತು!

"ಲೇ ಮುನಿಸ್ವಾಮಿ, ಅದರ ಕೆಳಗಿನ ಉತ್ತರ ಓದ್ಲಾ! ‘ಆಟಗಾರರ ಪತ್ನಿಯ ನೆನಪನ್ನು ನಂಬಲರ್ಹ ಮೂಲವೆಂದು ಪರಿಗಣಿಸಲಾಗದು.’ ಇವಳನ್ನ ನಂಬಬೇಡಿ ಅಂತ ವಿಶ್ವಕೋಶವೇ ಹೇಳಿದೆ! ಗೋಲೂ ಇಲ್ಲ, ಗೀಲೂ ಇಲ್ಲ!"

ಮುನಿಸ್ವಾಮಿ ಮೆಟ್ಟಿಲ ಮೇಲೆ ಕುಸಿದ. ಆಮೇಲೆ ಅವನಿಗೇ ನಗು ಬಂತು. "ಅದೂ ದಿಟ ಬುಡಣ್ಣಾ. ಅಕ್ಕ ಆವತ್ತು ಚೆಂಡೆಲ್ಲಿ ನೋಡ್ತಿದ್ರು? ನಿನ್ನನ್ನೇ ನೋಡ್ತಿದ್ರು!"

ಯಜಮಾನರು ಕೆಂಪಾದರು, ಈ ವಯಸ್ಸಿನಲ್ಲಿ! ಐವತ್ತು ವರ್ಷದಲ್ಲಿ ಮೊದಲ ಸಲ ಇಬ್ಬರೂ ಒಂದೇ ಪಕ್ಷವಾಗಿ ನಕ್ಕು, ನನ್ನಿಂದಲೇ ಎರಡೆರಡು ಸಲ ಕಾಫಿ ಮಾಡಿಸಿಕೊಂಡು ಕುಡಿದರು.

ಮೂಲವಿಲ್ಲವೆಂದು ನನ್ನ ಆರೂ ಸಾಲುಗಳನ್ನು ಪುಟದಿಂದ ತೆಗೆದಿದ್ದಾರೆ. ನನ್ನ ತಪ್ಪೊಪ್ಪಿಗೆ ಮಾತ್ರ ಇತಿಹಾಸದಲ್ಲಿ ಅಚ್ಚಳಿಯದೆ ನಿಂತಿದೆ. ಇರಲಿ. ಹತ್ತು ಸಲ ಓದಿ ನೋಡಿದ್ದೇನೆ, ಹೆಮ್ಮೆಯಿಂದ ಹೇಳುತ್ತೇನೆ: ಅದರಲ್ಲಿ ಒಂದೇ ಒಂದು ಕಾಗುಣಿತದ ತಪ್ಪಿಲ್ಲ!