ಫ್ರೆಂಚಿನಲ್ಲಿ ಊಟಕ್ಕೆ ಕರೆದದ್ದು

ನಾನು ಬರೆದದ್ದನ್ನು ನಮ್ಮ ಮನೆಯಲ್ಲಿ ಯಾರೂ ಓದುವುದಿಲ್ಲ ಎಂಬ ಕೊರಗು ನನಗೆ ಬಹಳ ವರ್ಷ ಇತ್ತು. ಈಗ ಅದಕ್ಕಿಂತ ದೊಡ್ಡ ಕೊರಗು ಬಂದಿದೆ. ಒಮ್ಮೆ ಓದಿಬಿಟ್ಟರು.

ಬಳ್ಳಾರಿಯ ಒಂದು ದಿನಪತ್ರಿಕೆಯ ಭಾನುವಾರದ ಪುರವಣಿಗೆ ನುಡಿಚಿತ್ರ ಬರೆಯುವುದು ನನ್ನ ಉದ್ಯೋಗ. ಒಂದು ವಾರ ವಿಷಯ ಸಿಗದೆ ‘ವಿದೇಶಿ ಭಾಷೆ ಕಲಿಯಿರಿ, ವಿಶ್ವದ ಬಾಗಿಲು ತೆರೆಯಿರಿ’ ಎಂದು ಬರೆದೆ. ಅನುವಾದ, ಪ್ರವಾಸೋದ್ಯಮ, ರಾಯಭಾರ ಕಚೇರಿ, ರಫ್ತು ವ್ಯಾಪಾರ ಎಂದು ವಿದ್ಯಾರ್ಥಿಗಳ ಮುಂದೆ ಅವಕಾಶಗಳ ರಾಶಿಯನ್ನೇ ಸುರಿದೆ. (ನನಗೆ ಬರುವುದು ಕನ್ನಡ, ಉರ್ದು ಮತ್ತು ಜಗಳಕ್ಕೆ ಸಾಲುವಷ್ಟು ತೆಲುಗು.) ನನ್ನ ಹೆಂಡತಿ ರಹೀಮಾಬೀ ಕೊತ್ತಂಬರಿ ಸೋಸಲು ಹಾಸಿಕೊಂಡದ್ದು ಅದೇ ಹಾಳೆ. ಬಿ.ಕಾಂ. ಓದುತ್ತಿದ್ದ ಮಗಳು ಶಮಾ ಸೊಪ್ಪನ್ನು ಬದಿಗೆ ಸರಿಸಿ ಪೂರ್ತಿ ಓದಿದಳು.

“ಅಬ್ಬಾ, ನಾ ಫ್ರೆಂಚ್ ಕಲೀತೀನಿ.”

ತಂದೆಯಾದವನು ತಾನೇ ಬರೆದದ್ದನ್ನು ಬೇಡ ಎನ್ನುವುದು ಹೇಗೆ? ಶಮಾ ಆನ್‌ಲೈನ್ ತರಗತಿ ಸೇರಿದಳು. ಬೆಳಿಗ್ಗೆ ಅಂಗಳ ಗುಡಿಸುವಾಗಲೂ ಕಿವಿಗೆ ತಂತಿ ಸಿಕ್ಕಿಸಿಕೊಂಡು ಮೂಗಿನಲ್ಲಿ ಏನೋ ಗುನುಗುತ್ತಿದ್ದಳು. ಬೆಂಗಳೂರಿಗೆ ಹೋಗಿ ಪರೀಕ್ಷೆ ಬರೆದು ಪಾಸಾಗಿಯೂ ಬಂದಳು. ಅಷ್ಟರಲ್ಲಿ ನಾನು ನನ್ನ ಪಾಲಿನ ಕೆಲಸವನ್ನು ಮಾಡಿ ಮುಗಿಸಿದ್ದೆ. ಮಗಳು ಪ್ಯಾರಿಸ್ಸಿಗೆ ಹೋಗುತ್ತಾಳೆ ಎಂದು ಕೌಲ್‌ಬಜಾರಿನ ಚಹಾದಂಗಡಿಯಿಂದ ಹಿಡಿದು ಕುರುಗೋಡಿನ ನನ್ನ ಹೆಂಡತಿಯ ತವರಿನ ತನಕ ಎಲ್ಲರಿಗೂ ಹೇಳಿಬಿಟ್ಟಿದ್ದೆ.

ಕೆಲಸ ಬಂತು. ಬಂದದ್ದು ಸಿರುಗುಪ್ಪದಿಂದ.

ಅಲ್ಲಿನ ಅಕ್ಕಿ ಗಿರಣಿ ಮಾಲೀಕ ಚನ್ನಬಸವರಾಜ ಅವರು ಪಶ್ಚಿಮ ಆಫ್ರಿಕಾದ ಬೆನಿನ್ ದೇಶಕ್ಕೆ ಕುಚ್ಚಲಕ್ಕಿ ಕಳಿಸುತ್ತಾರಂತೆ. ಅಲ್ಲಿ ವ್ಯವಹಾರವೆಲ್ಲ ಫ್ರೆಂಚಿನಲ್ಲಿ. ಕೊಟೊನು ಎಂಬ ಬಂದರಿನ ದೊಡ್ಡ ವ್ಯಾಪಾರಿ ಮೇಡಂ ಒಬ್ಬರ ಜೊತೆ ಮಾತಾಡಲು ಅವರಿಗೆ ದುಭಾಷಿ ಬೇಕು.

“ಪ್ಯಾರಿಸ್ಸಿಗೆ ಹೋಗೋ ಹುಡುಗಿ ಸಿರುಗುಪ್ಪದ ಬಸ್ಸಿಗೆ ನಿಂದ್ರತೈತೇನು?” ಎಂದೆ.

“ಪ್ಯಾರಿಸ್ಸಿನವ್ರು ನಿಮಗ ಪತ್ರ ಬರದಾರೇನ್ರಿ?” ಎಂದಳು ರಹೀಮಾಬೀ. “ಊರ ತುಂಬ ಡಂಗುರ ಹೊಡದವ್ರು ನೀವು. ನಿಮ್ಮ ನಾಲಿಗಿ ಉಳಸಾಕ ನನ್ನ ಮಗಳು ಖಾಲಿ ಕುಂದ್ರಬೇಕೇನು?”

“ಅಬ್ಬಾ, ನನಗ ಈ ಕೆಲಸ ಬೇಕು,” ಎಂದಳು ಶಮಾ. ಅಷ್ಟೇ. ಅವಳು ಹೆಚ್ಚು ಮಾತಾಡುವವಳಲ್ಲ. ಆದರೆ ಅಂದು ಅವಳು ಊಟ ಬಿಟ್ಟು ಎದ್ದದ್ದನ್ನು ನಾನು ಗಮನಿಸಿದೆ. (ಗಮನಿಸುವುದು ನನ್ನ ವೃತ್ತಿ. ಅರ್ಥ ಮಾಡಿಕೊಳ್ಳುವುದು ಸಂಪಾದಕರಿಗೆ ಬಿಟ್ಟದ್ದು.)

ಶುಕ್ರವಾರ ಮಧ್ಯಾಹ್ನ ವಿಡಿಯೋ ಕರೆಯಲ್ಲಿ ಪರೀಕ್ಷೆ. ಚನ್ನಬಸವರಾಜ ಗಿರಣಿಯಲ್ಲಿ, ಮೇಡಂ ಕೊಟೊನುವಿನಲ್ಲಿ, ಶಮಾ ನಮ್ಮ ಪಡಸಾಲೆಯಲ್ಲಿ. ಶುರುವಿನಲ್ಲೇ ಚನ್ನಬಸವರಾಜ ಕರಾರು ಹಾಕಿದರಂತೆ: “ನೋಡಮ್ಮ, ಮೊದ್ಲಿನ ಏಜೆಂಟ್, ಮೇಡಂ ಹತ್ತು ಮಾತಾಡಿದ್ರ ಎರಡು ಹೇಳ್ತಿದ್ದ. ಮೇಡಂಗೆ ನಮ್ಮ ಮ್ಯಾಲೆ ನಂಬಿಕಿನ ಹೋತು. ಕಿವೀಗೆ ಬಿದ್ದದ್ದೆಲ್ಲಾ ಹೇಳಬೇಕು. ಬಿಡಂಗಿಲ್ಲ, ಸೇರಸಂಗಿಲ್ಲ.”

ಮೇಡಂ ಕೂಡ ಅದನ್ನೇ ಹೇಳಿದರಂತೆ.

ನಾನು ನಮಾಜು ಮುಗಿಸಿ ಬಂದು, ಶಮಾಳ ಹಿಂದೆ ಸುಫ್ರಾ, ಅಂದರೆ ಊಟದ ಬಟ್ಟೆ, ಹಾಸಿ ಊಟಕ್ಕೆ ಕುಳಿತೆ. ಬೇರೆ ಜಾಗ ಇತ್ತು. ಆದರೆ ಪ್ರತಿಭಟನೆ ಎದುರಿಗೆ ಕಾಣಬೇಕು.

“ಸಾರಿಗೆ ಉಪ್ಪಿಲ್ಲ,” ಎಂದೆ, ತುಸು ಜೋರಾಗಿ.

“ನಿಮ್ಮ ಲೇಖನದಾಗೂ ಇರಂಗಿಲ್ಲ. ಜನ ಸುಮ್ಮನ ಓದಂಗಿಲ್ಲೇನು?” ಎಂದಳು ರಹೀಮಾಬೀ.

ಶಮಾ ಫ್ರೆಂಚಿನಲ್ಲಿ ಏನೋ ಹೇಳಿದಳು. ಪರದೆಯ ಮೇಲೆ, ತಲೆಗೆ ದೊಡ್ಡ ಹೂವಿನ ಚಿತ್ತಾರದ ಬಟ್ಟೆ ಸುತ್ತಿದ್ದ ಮೇಡಂ ಗಹಗಹಿಸಿ ನಕ್ಕರು. ದರದ ಮಾತಿಗೆ ನಗುತ್ತಿದ್ದಾರೆ ಎಂದುಕೊಂಡೆ.

“ಪ್ಯಾರಿಸ್ಸಿನ ಕುದುರಿನ ತಂದು ಗಿರಣಿ ಬಂಡೀಗೆ ಕಟ್ಟಾಕ ಹತ್ಯಾರ,” ಎಂದು ಮತ್ತೆ ಗುಂಡು ಹಾರಿಸಿದೆ.

ಶಮಾ ಮತ್ತೆ ಏನೋ ಹೇಳಿದಳು. ಮೇಡಂ ಕೈ ತಟ್ಟಿದರು. ಆಮೇಲೆ ಪರದೆಗೆ ಹತ್ತಿರ ಬಂದು ನನ್ನನ್ನೇ ನೋಡಿ ಕೈ ಬೀಸಿದರು.

ಇಲ್ಲಿ ಒಂದು ವಿಷಯ ಸ್ಪಷ್ಟಪಡಿಸಬೇಕು. ನಮ್ಮ ಕಡೆ, ಊಟಕ್ಕೆ ಕುಳಿತವನನ್ನು ಯಾರಾದರೂ ನೋಡಿದರೆ ಅವನು “ಬರ್ರಿ, ಊಟ ಮಾಡೂಣು” ಎನ್ನಲೇಬೇಕು. ನೋಡಿದವರು “ಆತ್ರಿ, ನಿಮ್ದಾಗ್ಲಿ” ಎನ್ನಬೇಕು. ಇಬ್ಬರೂ ಮರ್ಯಾದಸ್ಥರು ಎಂದು ಅಲ್ಲಿಗೆ ಸಾಬೀತಾಗುತ್ತದೆ, ಅನ್ನ ಇದ್ದಷ್ಟೇ ಇರುತ್ತದೆ. ಹಾಗೆ ಕರೆದು ಕರೆದು ನಮ್ಮ ಅಜ್ಜ ಇಡೀ ಬಾದನಹಟ್ಟಿ ಊರಿಗೆ ಅನ್ನದಾತ ಎನಿಸಿಕೊಂಡಿದ್ದರು. ಒಬ್ಬರೂ ಉಂಡಿರಲಿಲ್ಲ.

ಅಭ್ಯಾಸಬಲ. ಕೈಯಲ್ಲಿ ತುತ್ತು ಹಿಡಿದೇ ಹೇಳಿದೆ: “ಬರ್ರಿ ಮೇಡಮ್ಮಾರ, ಊಟ ಮಾಡೂಣು! ಬಳ್ಳಾರಿ ಕಡಿ ಬಂದ್ರ ನಮ್ಮನೀಗೇ ಬರಬೇಕ ನೋಡ್ರಿ. ಎಂಟು ದಿನ ಇದ್ದು ಹೋಗಬೇಕು. ಇಲ್ಲಂದ್ರ ನಮಗ ಬ್ಯಾಸರ ಆಕೈತಿ.”

ಶಮಾ ಒಂದು ಕ್ಷಣ ನನ್ನ ಕಡೆ ತಿರುಗಿ ನೋಡಿದಳು. ಆಮೇಲೆ ಪರದೆಯ ಕಡೆ ತಿರುಗಿ ಅಷ್ಟನ್ನೂ ಹೇಳಿದಳು.

ಮೇಡಂ ಎದೆಯ ಮೇಲೆ ಕೈ ಇಟ್ಟುಕೊಂಡು ಉದ್ದಕ್ಕೆ ಮಾತಾಡಿದರು.

“ಏನಂತ?” ಎಂದೆ.

“ಮುಂದಿನ ತಿಂಗಳು ಅಕ್ಕಿ ನೋಡಾಕ ಸಿರುಗುಪ್ಪಕ್ಕ ಬರೋರು ಅದಾರಂತ. ಹೋಟೆಲ್ ಬ್ಯಾಡಂತ. ನೀವು ಇಷ್ಟು ಪ್ರೀತಿಲಿಂದ ಕರದೀರಿ, ನಮ್ಮನಿಯಾಗ ಎಂಟೂ ದಿನ ಇರ್ತಾರಂತ.”

ನನ್ನ ತುತ್ತು ತಟ್ಟೆಗೆ ಬಿತ್ತು.

“ಲೇ ಶಮಾ, ಅದು ಬಾಯಿಮಾತು ಅಂತ ಹೇಳಲೇ!”

ಶಮಾ ಮೈಕು ಮುಚ್ಚಿದಳು. “ಹೇಳ್ತೀನಿ ಅಬ್ಬಾ. ನಿಮ್ಮದು ಬಾಯಿಮಾತು ಅಂದ್ರ, ಚನ್ನಬಸವರಾಜ ಸಾವ್ಕಾರ್ರು ಹೇಳಿದ ದರಾನೂ ಬಾಯಿಮಾತು ಅಂದ್ಕೊಂತಾರ. ನನ್ನ ಕೆಲಸ ಹೋಕೈತಿ. ಹೇಳ್ಲೇನು?”

ನಾನು ಪತ್ರಕರ್ತ. ಯಾವಾಗ ವಾಕ್ಯ ನಿಲ್ಲಿಸಬೇಕೆಂದು ಗೊತ್ತು. ಬಿದ್ದ ತುತ್ತನ್ನೇ ಎತ್ತಿ ಬಾಯಿಗಿಟ್ಟುಕೊಂಡೆ.

ಸಂಜೆ ಚನ್ನಬಸವರಾಜ ಫೋನ್ ಮಾಡಿದರು. “ಸಾಬ್ರ, ನಿಮ್ಮ ಮಗಳು ಪಾಸು. ಮೇಡಂ ಏನಂದ್ರು ಗೊತ್ತೇನ್ರಿ? ‘ತಂದಿ ಆಡಿದ ಹುಚ್ಚು ಮಾತನ್ನೂ ಮುಚ್ಚಿಡಲಾರದ ಹುಡುಗಿ ದರ ಮುಚ್ಚಿಡಂಗಿಲ್ಲ’ ಅಂದ್ರು. ನಿಮ್ಮಿಂದ ಭಾಳ ಉಪಕಾರ ಆತ್ರಿ.”

ಮೇಡಂ ಬಂದರು. ನಮ್ಮ ಕೋಣೆ ಅವರಿಗೆ, ಪಡಸಾಲೆ ಅವರ ಪೆಟ್ಟಿಗೆಗಳಿಗೆ, ಬಟ್ಟೆ ಒಣಹಾಕುವ ಮಾಳಿಗೆ ನನಗೆ. ದಿನಾ ಬೆಳಿಗ್ಗೆ ಅವರೂ ಶಮಾಳೂ ಸಿರುಗುಪ್ಪಕ್ಕೆ ಹೋಗಿ ಗಿರಣಿಯಲ್ಲಿ ಕಾಳು ಕಡಿದು ನೋಡಿ, ಸಂಜೆ ಬಂದು ರಹೀಮಾಬೀಯ ಜೊತೆ ಅಡುಗೆಮನೆ ಸೇರುತ್ತಿದ್ದರು. ಮೇಡಂಗೂ ರಹೀಮಾಬೀಗೂ ಒಬ್ಬರ ಭಾಷೆ ಒಬ್ಬರಿಗೆ ಬರುವುದಿಲ್ಲ. ಆದರೂ ರಾತ್ರಿ ಊಟದ ಹೊತ್ತಿಗೆ ಇಬ್ಬರೂ ನನ್ನ ಕಡೆ ನೋಡಿ ಒಟ್ಟಿಗೆ ನಗುವಷ್ಟು ಹೊಂದಾಣಿಕೆ ಆಗಿರುತ್ತಿತ್ತು. ಕುರುಗೋಡಿನಿಂದ ನನ್ನ ಭಾವಮೈದುನ ವಸೀಮ್ ಅಕ್ಕನ ಮನೆಗೆ ಬಂದ ಅತಿಥಿಯನ್ನು ನೋಡಲು ಬಂದ. ಮಾಳಿಗೆಯ ಮೇಲೆ ಹಗ್ಗಕ್ಕೆ ಹಾಕಿದ ಬಟ್ಟೆಗಳ ನಡುವೆ ನನ್ನನ್ನೂ ನೋಡಿ, “ಭಾವಾ, ವಿಶ್ವದ ಬಾಗಿಲು ತೆರದ್ರಿ ಖರೆ, ನಿಮ್ಮನ್ನ ಹೊರಗ ಹಾಕಿ ತೆರದ್ರಲ್ಲ,” ಎಂದು ಹೋದ.

ವ್ಯಾಪಾರ ಕುದುರಿತು. ಶಮಾಳ ಕೆಲಸ ಕಾಯಂ ಆಯಿತು. ಹೊರಡುವ ದಿನ ಮೇಡಂ ಬಾಗಿಲಲ್ಲಿ ನಿಂತು ಮೂವರನ್ನೂ ನೋಡಿ ಏನೋ ಹೇಳಿದರು.

“ಸರಕು ಇಳಿಸೋವಾಗ ನಾ ಅಲ್ಲಿ ಇರಬೇಕಂತ,” ಎಂದಳು ಶಮಾ. “ನನ್ನ ಕೂಡ ನೀವಿಬ್ರೂ ಕೊಟೊನುಕ್ಕ ಬರಬೇಕಂತ. ಟಿಕೆಟ್ ಅವ್ರೇ ಕಳಸ್ತಾರಂತ. ಒಂದು ತಿಂಗಳು ಅವ್ರ ಮನಿಯಾಗ ಇರಬೇಕಂತ.”

ಈ ಸಲ ನಾನು ಎಚ್ಚರವಾಗಿದ್ದೆ. ಕರೆದ ಕೂಡಲೇ ಬಾಯಿ ಬಿಡುವುದು ಮರ್ಯಾದಸ್ಥರ ಲಕ್ಷಣವಲ್ಲ. ಅವರು ಇನ್ನೊಮ್ಮೆ ಒತ್ತಾಯ ಮಾಡಬೇಕು, ನಾನು ಬೇಡ ಬೇಡ ಎನ್ನುತ್ತಲೇ ಒಪ್ಪಬೇಕು. ಕೈ ಜೋಡಿಸಿ, ನಮ್ಮ ಅಜ್ಜ ಹೇಳುತ್ತಿದ್ದ ಗತ್ತಿನಲ್ಲೇ ಹೇಳಿದೆ: “ಇರಲ್ರಿ ಮೇಡಮ್ಮಾರ. ನೀವು ಕರದದ್ದ ದೊಡ್ದು. ಬಂದಂಗಾತು.”

ರಹೀಮಾಬೀ ಸೆರಗು ಸರಿಪಡಿಸಿಕೊಂಡಳು. “ನಾ ಬರ್ತೀನಂತ ಹೇಳಮ್ಮ.”

ಶಮಾ ಎರಡನ್ನೂ ಹೇಳಿದಳು. ಮೇಡಂ ನನ್ನ ಕೈ ಕುಲುಕಿ, ಗಂಭೀರವಾಗಿ ತಲೆಯಾಡಿಸಿ, ಕಾರು ಹತ್ತಿದರು. ಒತ್ತಾಯ ಮಾಡಲಿಲ್ಲ.

ಟಿಕೆಟ್ ಎರಡು ಬಂದವು.

“ನನ್ನದು?” ಎಂದೆ.

“ಕರದದ್ದಕ್ಕ ನೀವು ಬಂದಂಗಾತು ಅಂದ್ರೆಲ್ಲ ಅಬ್ಬಾ. ಹಂಗ ಹೇಳಿದೆ. ಅವ್ರೂ ಬಂದಂಗ ಹಿಡಕೊಂಡ್ರು.”

“ನಾನೂ ಬರ್ತೀನಿ ಅಂತ ಈಗ ಹೇಳು!”

ರಹೀಮಾಬೀ ಹೊಸ ಪೆಟ್ಟಿಗೆಯ ಜಿಪ್ಪನ್ನು ಗಿರ್ರನೆ ಎಳೆದು, ಮನೆಯ ಬೀಗದಕೈಯನ್ನು ನನ್ನ ಅಂಗೈ ಮೇಲೆ ಇಟ್ಟಳು.

“ಹಾಲಿನವ ಆರಕ್ಕ ಬರ್ತಾನ. ಗಿಡಕ್ಕ ನೀರು ಹಾಕ್ರಿ. ನೀವು ಹೆಂಗೂ ಹೋಗಿ ಬಂದೀರಿ, ದಣಿದಿರ್ತೀರಿ. ಮನ್ಯಾಗ ಇರ್ರಿ.”