ಅವ್ವನ ಎಡಗಡೆ ಕೂತವಳು

ಸೊರಬದ ಹೈಸ್ಕೂಲಿನಲ್ಲಿ ಹನ್ನೊಂದು ವರ್ಷ ಇಂಗ್ಲಿಷ್ ಪಾಠ ಮಾಡಿದ ಮೇಲೂ, ಮನುಷ್ಯರನ್ನು ಇಂಗ್ಲಿಷಿನಲ್ಲಿ ಸರಿಯಾಗಿ ಕೂರಿಸುವುದು ನನಗೆ ಬರಲಿಲ್ಲ ಎಂದು ಒಪ್ಪಿಕೊಂಡುಬಿಡುತ್ತೇನೆ. ನಿಲ್ಲಿಸಬಲ್ಲೆ, ಓಡಿಸಬಲ್ಲೆ, ಬೇಕಾದರೆ ಮಲಗಿಸಲೂಬಲ್ಲೆ, ಕೂರಿಸುವುದೇ ಕಷ್ಟ. ಕನ್ನಡದಲ್ಲಾದರೆ ಕುರ್ಚಿಯಲ್ಲೂ ಕೂರಬಹುದು, ಕಾರಿನಲ್ಲೂ ಕೂರಬಹುದು, ಬಸ್ಸಿನಲ್ಲೂ ಕೂರಬಹುದು. ಇಂಗ್ಲಿಷಿನವರಿಗೆ ಅಷ್ಟು ಸಲೀಸಾಗಿ ಕೂತರೆ ಸಮಾಧಾನವಿಲ್ಲ. ಮಾಮೂಲಿ ಕುರ್ಚಿಯಾದರೆ ‘ಆನ್’, ಕೈಯಿರುವ ಮೆತ್ತನೆಯ ಕುರ್ಚಿಯಾದರೆ ‘ಇನ್’. ಕಾರಿಗೆ ‘ಇನ್’, ಬಸ್ಸಿಗೆ ‘ಆನ್’. ಒಮ್ಮೆ ‘ಆನ್ ದ ಬಸ್’ ಎಂದು ಬೋರ್ಡಿನ ಮೇಲೆ ಬರೆದಾಗ ಜಡೆ ಎಂಬ ಊರಿನಿಂದ ಬರುವ ಹುಡುಗಿಯೊಬ್ಬಳು ಎದ್ದುನಿಂತು, “ಟಾಪ್ ಮೇಲಾ ಸಾರ್? ಹೆಣ್ಣುಮಕ್ಕಳನ್ನ ಕಂಡಕ್ಟರು ಅಲ್ಲಿಗೆ ಹತ್ತಿಸಲ್ಲ ಸಾರ್” ಎಂದಳು. ಊಟದ ಟೇಬಲ್ಲಿಗೆ ‘ಅಟ್’; ಮರೆತು ‘ಆನ್’ ಎಂದರೆ ಸಾರಿನ ಪಾತ್ರೆಯ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತಂತೆ. ಇದನ್ನೆಲ್ಲ ಗಂಟಲು ಹರಿದುಕೊಂಡು ಕಲಿಸಿದ ನಾನೇ, ಸ್ವಂತ ತಂಗಿಯನ್ನು ಕೂರಿಸಲು ಹೋಗಿ ಎಡವಿದೆ.

ತಂಗಿ ಗಿರಿಜೆಗೆ ಶಿಕಾರಿಪುರದಿಂದ ಒಂದು ಸಂಬಂಧ ಬಂದಿತ್ತು. ಹುಡುಗನದು ಪಂಪ್‌ಸೆಟ್ಟಿನ ಅಂಗಡಿ. ತಂದೆ ನಿವೃತ್ತ ಅಂಚೆ ನೌಕರರು, ಇಂಗ್ಲಿಷ್ ಬಲ್ಲವರು. ಫೋಟೋ ಕಳಿಸಿ ಎಂದರು. ಆ ಮೊದಲು ಎರಡು ಕಡೆಗೆ ಹೋದ ಗಿರಿಜೆಯ ಫೋಟೋ ಅದೇ ಲಕೋಟೆಯಲ್ಲಿ ವಾಪಸ್ ಬಂದಿತ್ತು. “ಇನ್ನೊಂದು ಸಲ ಸ್ಟುಡಿಯೋದಲ್ಲಿ ಆ ಪ್ಲಾಸ್ಟಿಕ್ ಹೂವಿನ ಪಕ್ಕ ನಿಲ್ಲಲ್ಲ ನಾನು” ಎಂದು ಅವಳು ಹಟ ಹಿಡಿದಳು. ಕೊನೆಗೆ ಹೊಸಬಾಳೆಯ ಒಂದು ಮದುವೆಯಲ್ಲಿ ತೆಗೆಸಿದ್ದ ಗುಂಪಿನ ಫೋಟೋ ಸಿಕ್ಕಿತು. ನಡುವೆ ಅವ್ವ, ಒಂದು ಪಕ್ಕ ಗಿರಿಜೆ, ಇನ್ನೊಂದು ಪಕ್ಕ ನನ್ನ ಹೆಂಡತಿ ಶಾರದೆ, ಹಿಂದೆ ನಿಂತವನು ನಾನು.

“ಗಿರಿಜೆ ತಲೆ ಮೇಲೆ ಪೆನ್ನಲ್ಲಿ ಒಂದು ಗುರುತು ಹಾಕಿ ಕಳ್ಸೋ” ಎಂದಳು ಅವ್ವ.

ಇಂಗ್ಲಿಷ್ ಮೇಷ್ಟ್ರ ತಂಗಿಯ ತಲೆಯ ಮೇಲೆ ಇಂಟು ಮಾರ್ಕೇ? ನನಗೆ ಅವಮಾನವೆನ್ನಿಸಿತು. ಎರಡು ಸಲ ಚಿತ್ತುಮಾಡಿ, ಮೂರನೆಯ ಸಲ ದುಂಡಗೆ ಒಂದು ಕಾಗದ ಬರೆದೆ: ನನ್ನ ತಂಗಿ ಕೂತಿರುವುದು ‘ಆನ್ ದ ಲೆಫ್ಟ್ ಆಫ್ ಮೈ ಮದರ್’. ವಾರದೊಳಗೆ ಉತ್ತರ ಬಂತು. ಹುಡುಗಿ ಎಲ್ಲರಿಗೂ ಹಿಡಿಸಿದ್ದಾಳೆ, ಭಾನುವಾರ ಬರುತ್ತೇವೆ ಎಂದಿತ್ತು. ಗಿರಿಜೆ ಒಂದೇ ಸೀರೆಯನ್ನು ಎರಡು ಸಲ ಇಸ್ತ್ರಿ ಮಾಡಿದಳು, ಅಷ್ಟೆ.

ಭಾನುವಾರ ಹುಡುಗ, ಅವನ ತಂದೆ, ತಾಯಿ ಬಂದರು. ಶಾರದೆ ಉಪ್ಪಿಟ್ಟಿನ ತಟ್ಟೆ ತಂದಿಟ್ಟದ್ದೇ ತಡ, ಹುಡುಗನ ತಾಯಿ ಅವಳ ಕೈ ಹಿಡಿದುಕೊಂಡರು. “ಬಾರವ್ವ, ನನ್ನ ಪಕ್ಕ ಕೂಡು ಬಾ. ಫೋಟೋಕ್ಕಿಂತ ಚಂದ ಅದಾಳೆ ನೋಡ್ರಿ!” ಶಾರದೆ ಮುಜುಗರದಿಂದಲೇ ಕೂತಳು. ಆಕೆ ಅವಳ ಗಲ್ಲ ಸವರಿದರು, ಬಳೆ ನೋಡಿದರು, ಸೆರಗು ಸರಿಮಾಡಿದರು. ಆಮೇಲೆ ಕೈ ಅಲ್ಲೇ ನಿಂತಿತು.

“ಏನ್ರೀ ಮೇಷ್ಟ್ರೇ, ಹುಡುಗಿ ಕೊರಳಾಗೆ ತಾಳಿ ಐತಲ್ರೀ!”

“ಹೌದ್ರೀ” ಎಂದೆ. “ನಾನೇ ಕಟ್ಟಿದ್ದು.”

ಹುಡುಗನ ತಂದೆ ಜೇಬಿನಿಂದ ನನ್ನ ಕಾಗದವನ್ನೂ ಫೋಟೋವನ್ನೂ ತೆಗೆದು, ಫೋಟೋದ ಶಾರದೆಯ ಮೇಲೆ ಬೆರಳಿಟ್ಟರು. “ಲೆಫ್ಟ್ ಅಂತ ನೀವೇ ಬರೆದೀರಿ. ಇದು ಲೆಫ್ಟ್ ಅಲ್ಲೇನ್ರೀ?”

“ಅದು ಅವ್ವನ ಎಡಗೈ ಕಡೆಯ ಲೆಫ್ಟ್ ರೀ.”

“ಫೋಟೋ ನೋಡೋರು ನಾವಲ್ಲೇನ್ರೀ?”

ನಾನು ಫೋಟೋ ಈಸಿಕೊಂಡು ತಲೆಕೆಳಗಾಗಿ ಹಿಡಿದು ನೋಡಿದೆ. ಅಷ್ಟರಲ್ಲಿ ಒಳಗಿದ್ದ ಗಿರಿಜೆ ತಾನೇ ಕಾಫಿ ಹಿಡಿದುಕೊಂಡು ಹೊರಗೆ ಬಂದಳು. “ನೀವು ಒಪ್ಪಿದ್ದು ನಮ್ಮ ಅತ್ತಿಗೇನ ಅಂತಾದ್ರೆ ಈಗಲೇ ಹೇಳಿಬಿಡಿ. ಕಾಫಿ ಕುಡಿದು ಹೋಗಿ, ಬೇಜಾರಿಲ್ಲ” ಎಂದಳು. ಬೇಜಾರು ಎಷ್ಟಿತ್ತೆಂದು ದನಿಯಲ್ಲೇ ಗೊತ್ತಾಗುತ್ತಿತ್ತು. ನಾನು ತಲೆಯೆತ್ತಲಿಲ್ಲ.

ಹುಡುಗ ತಟ್ಟೆ ಕೆಳಗಿಟ್ಟು ಗಿರಿಜೆಯ ಕಡೆ ಕೈ ತೋರಿಸಿದ. “ನಾನು ಒಪ್ಪಿದ್ದು ಇವರನ್ನೇ.”

“ಅಲ್ಲೋ, ನಾವು ಬೆಟ್ಟು ಮಾಡಿ ತೋರಿಸಿದಾಗ ನೀನೂ ಹೂಂ ಅಂದ್ಯಲ್ಲೋ!” ಎಂದರು ತಾಯಿ.

“ನಿಮ್ಮ ಬೆಟ್ಟು ಎಲ್ಲಿತ್ತೋ ನಾನು ನೋಡ್ಲಿಲ್ಲವ್ವ. ನಾನು ನೋಡ್ತಿದ್ದದ್ದು ಇವರನ್ನ.”

ಗಿರಿಜೆ, ಹಿರಿಯರಿಗೆ ಮೊದಲು ಕೊಡಬೇಕೆನ್ನುವುದನ್ನೂ ಮರೆತು, ಮೊದಲ ಲೋಟವನ್ನು ಅವನಿಗೇ ಕೊಟ್ಟಳು. ಎರಡೇ ತಿಂಗಳಲ್ಲಿ ಮದುವೆಯಾಯಿತು.

ಶಾರದೆ ಆಮೇಲೆ ಬಹಳ ದಿನ ನನ್ನನ್ನು ಬಿಡಲಿಲ್ಲ. ಪಲ್ಯಕ್ಕೆ ಉಪ್ಪು ಜಾಸ್ತಿ ಎಂದರೆ ಸಾಕು, “ಶಿಕಾರಿಪುರದವರಿಗೆ ನಾನು ಹಿಡಿಸಿದ್ದೆ, ನೆನಪಿರಲಿ” ಎನ್ನುತ್ತಿದ್ದಳು. ಆದರೂ ನನಗೊಂದು ಹೆಮ್ಮೆಯಿತ್ತು. ನನ್ನ ‘ಲೆಫ್ಟ್’ ಯಾವುದೆಂದು ತಿಳಿದವನು ಆ ತಾಲ್ಲೂಕಿನಲ್ಲಿ ಒಬ್ಬನಾದರೂ ಇದ್ದಾನಲ್ಲ! ಸ್ಟಾಫ್ ರೂಮಿನಲ್ಲಿ ಇದನ್ನು ಎಷ್ಟು ಸಲ ಹೇಳಿದೆನೋ.

ಮುಂದಿನ ಪಂಚಮಿಗೆ ಗಿರಿಜೆಯನ್ನು ತವರಿಗೆ ಬಿಡಲು ಅವಳ ಗಂಡ ಬಂದಾಗ, ಎಲ್ಲರೆದುರು ಅವನನ್ನು ಹೊಗಳಿದೆ. “ನನ್ನ ಇಂಗ್ಲಿಷ್ ಅರ್ಥವಾಗಿದ್ದು ನಿಮಗೊಬ್ಬರಿಗೇ ಕಣ್ರೀ.”

“ಆ ಕಾಗದಾನಾ? ನಾನು ಓದೇ ಇಲ್ರೀ ಭಾವ” ಎಂದ ಅವನು. “ಫೋಟೋದಾಗೆ ಎಲ್ಲರೂ ಬಿಗಿಯಾಗಿ ಕ್ಯಾಮೆರಾ ನೋಡ್ತಿದ್ರು. ಇವಳೊಬ್ಬಳು ಸ್ವಲ್ಪ ಹಿಂದಕ್ಕೆ ತಿರುಗಿ, ನಿಂತಿದ್ದ ನಿಮ್ಮನ್ನ ನೋಡಿ ನಗ್ತಿದ್ಲು. ನಿಮ್ಮನ್ನ ನೋಡಿ ನನಗೂ ಹಂಗೇ ನಗು ಬಂತು. ನಮ್ಮಿಬ್ಬರಿಗೂ ಹೊಂದುತ್ತೆ ಅನ್ನಿಸ್ತು.”

ಒಳಗೆ ಹೋಗಿ ಆಲ್ಬಮ್ ತೆಗೆದು ಆ ಫೋಟೋದ ಇನ್ನೊಂದು ಪ್ರತಿ ನೋಡಿದೆ. ಕೋಟು ಹಾಕಿಕೊಂಡು, ಎದೆ ಉಬ್ಬಿಸಿ ನಿಂತಿದ್ದೆ. ಮೇಲಿಂದ ಕೆಳಗಿನವರೆಗೆ ಪ್ರತಿಯೊಂದು ಗುಂಡಿಯೂ ತನ್ನದಲ್ಲದ ಕಾಜದಲ್ಲಿ ಕೂತಿತ್ತು.