ಎರಡು ಹತ್ತರ ಅಭಿನಂದನೆ

ಕಾಂತರಾಜನ ಬಸ್ಸು ಕಂಪ್ಯೂಟರ್ ಆಟದಲ್ಲಿ ಇದೆ, ಓಂಕಾರೇಶನ ಬಸ್ಸು ಇಲ್ಲ ಎಂಬ ವಿಷಯವು ಕಡೂರು–ತರೀಕೆರೆ–ಅಜ್ಜಂಪುರ ಮಾರ್ಗದ ಖಾಸಗಿ ಬಸ್ ಮಾಲೀಕರ ಸಂಘದ ಮಾಸಿಕ ಸಭೆಯಲ್ಲಿ ಚರ್ಚೆಗೆ ಬಂದು, ಪರಿಶೀಲಿಸಲಾಗಿ, ಸತ್ಯವೆಂದು ಕಂಡುಬಂದಿತು.

ಬಸ್ ಓಡಿಸುವ ಆ ಆಟಕ್ಕೆ ಊರೂರಿನ ಹುಡುಗರು ತಮ್ಮ ಕಡೆಯ ಬಸ್ಸುಗಳನ್ನು ತಾವೇ ಮಾಡಿ ಸೇರಿಸುತ್ತಾರೆ. ಕಾಂತರಾಜನ ಬಸ್ಸನ್ನಂತೂ ಹಿಂದಿನ ಗಾಜಿನ ಬಿರುಕಿನ ಸಮೇತ ಸೇರಿಸಿದ್ದರು. ಅಂದಿನಿಂದ ಅವನ ನಡಿಗೆಯೇ ಬದಲಾಯಿತು. "ನಿನ್ನ ಗಾಡಿ ಬರೀ ರೋಡಲ್ಲೇ ಓಡುತ್ತೇನಪ್ಪಾ?" ಎಂದು ನಿಲ್ದಾಣದಲ್ಲಿ ಎಲ್ಲರೆದುರು ಓಂಕಾರೇಶನನ್ನು ಕೇಳಿದ. ಓಂಕಾರೇಶ್ ನನ್ನ ತಂಗಿಯ ಮಗ. ಎರಡು ಹೊತ್ತು ಊಟ ಬಿಟ್ಟು, ಮೂರನೇ ಹೊತ್ತು ನಮ್ಮ ಮನೆಯಲ್ಲಿ ಉಂಡು, ತನ್ನ 'ಶಿವಪ್ರಿಯ' ಬಸ್ಸನ್ನು ಹೇಗಾದರೂ ಆಟದೊಳಗೆ ಓಡಿಸಬೇಕೆಂದು ಹಟ ಹಿಡಿದ.

ನನ್ನ ಬಳಿ ಬರದೆ ಇನ್ನೆಲ್ಲಿಗೆ ಹೋದಾನು? ಸಂಘದ ಗೌರವ ತಾಂತ್ರಿಕ ಸಲಹೆಗಾರ ಬಸವರಾಜಪ್ಪ ಅಂದರೆ ನಾನೇ. ನಾನು ಬೀರೂರು ಜಂಕ್ಷನ್ನಿನಲ್ಲಿ ನಿಂತು ಫೋನ್ ಆಫ್ ಮಾಡಿ ಆನ್ ಮಾಡಿದರೆ ಅಜ್ಜಂಪುರದವರಿಗೂ ಸಿಗ್ನಲ್ ಬರುತ್ತದೆ. ಇದನ್ನು ನಾನಾಗಿ ಹೇಳಿಕೊಳ್ಳುವವನಲ್ಲ. ಬೇರೆಯವರು ಹೇಳಲಿ ಎಂದು ಕಾದು ಕಾದು ಸಾಕಾಗಿದೆ.

ಸಂಘದ ಕಂಪ್ಯೂಟರೂ ಸಾಮಾನ್ಯದ್ದಲ್ಲ. ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಡುತ್ತದೆಂದು ಕಡೂರು ನಿಲ್ದಾಣದಲ್ಲಿ ತೋರಿಸುವ ನಮ್ಮ ದೊಡ್ಡ ಟಿವಿಗೆ ಅದರಿಂದಲೇ ವೈರು ಹೋಗಿದೆ. ಅದನ್ನು ನೋಡಿಕೊಳ್ಳುವ ಸಂಗೀತಾ ಊಟಕ್ಕೆ ಏಳುವಾಗ, "ಅಂಕಲ್, ಆಟದ ಫೈಲು ಬೇಕಾದ್ರೆ ಆಟ ಮಾಡಿದ ಕಂಪನಿಯವರ ಜಾಗದಿಂದಲೇ ಇಳಿಸ್ಕೊಳ್ಳಿ. ಆಂಟಿವೈರಸ್ ಮಾತ್ರ ಯಾವ ಕಾರಣಕ್ಕೂ ನಿಲ್ಲಿಸ್ಬೇಡಿ" ಎಂದಳು. ಸಲಹೆಯನ್ನು ಗಮನಿಸಲಾಯಿತು. ಗಮನಿಸಿದ್ದನ್ನು ಪಾಲಿಸಬೇಕೆಂದು ನಮ್ಮ ಬೈಲಾದಲ್ಲಿ ಎಲ್ಲೂ ಇಲ್ಲ.

ಇಂಟರ್ನೆಟ್ಟಿನಲ್ಲಿ 'ನಿಮ್ಮೂರಿನ ಎಲ್ಲಾ ಬಸ್ಸುಗಳು ಉಚಿತ' ಎಂಬ ಒಂದು ಜಾಗ ಹುಡುಕಿ ತೆಗೆದೆ. ಅಲ್ಲಿ 'ಡೌನ್‌ಲೋಡ್' ಎಂಬ ಗುಂಡಿಗಳು ನಾಲ್ಕಾರು ಇದ್ದವು. ಒಂದು ಮಾತ್ರ ಮೂಲೆಯಲ್ಲಿ ಬಡಪಾಯಿಯಂತೆ ಕೂತಿತ್ತು. ಇನ್ನೊಂದು ಹಸಿರಾಗಿ, ದಪ್ಪಗೆ, ಮಿಣಮಿಣ ಮಿನುಗುತ್ತ ಕುಣಿಯುತ್ತಿತ್ತು.

"ಅದನ್ನೇ ಒತ್ತಿ ಮಾವ" ಎಂದ ಓಂಕಾರೇಶ್. "ಸ್ಟ್ಯಾಂಡಲ್ಲಿ ಯಾವ ಏಜೆಂಟು ಜೋರಾಗಿ ಕೂಗ್ತಾನೋ ಆ ಬಸ್ಸೇ ಮೊದ್ಲು ಬಿಡೋದು."

ಇಪ್ಪತ್ತು ವರ್ಷ ಬಸ್ಸು ಓಡಿಸಿದವನ ಅನುಭವಕ್ಕೆ ಎದುರಾಡಬಾರದು. ಒತ್ತಿದೆ. ಫೈಲು ಕಣ್ಣು ಮಿಟುಕಿಸುವಷ್ಟರಲ್ಲಿ ಬಂದಿಳಿಯಿತು. ಒಂದು ಫೋಟೋದಷ್ಟೂ ತೂಕವಿಲ್ಲ.

"ಇಡೀ ಬಸ್ಸು ಇಷ್ಟು ಹಗುರ ಇರುತ್ತೇನೋ?"

"ಖಾಲಿ ಗಾಡಿ ಅಲ್ವಾ ಮಾವ. ಪ್ಯಾಸೆಂಜರ್ ಹತ್ತಿದ ಮೇಲೆ ಭಾರ ಆಗುತ್ತೆ."

ತೆರೆಯಹೋದರೆ, ಮೊದಲು ಆಂಟಿವೈರಸ್ ನಿಲ್ಲಿಸಿ ಎಂದು ಫೈಲು ಕೇಳಿಕೊಂಡಿತು. ಆಂಟಿವೈರಸ್ ಅಂದರೆ ನಮ್ಮ ಚೆಕಿಂಗ್ ಇನ್‌ಸ್ಪೆಕ್ಟರ್ ಇದ್ದ ಹಾಗೆ ಎಂದು ನಾನು ವಿವರಿಸಿದೆ. ಹಾಗಾದರೆ ತಕ್ಷಣ ಇಳಿಸಿಬಿಡಿ, ಚೆಕಿಂಗ್‌ನವರು ಹತ್ತಿದರೆ ಯಾವ ಬಸ್ಸು ತಾನೇ ಟೈಮಿಗೆ ಹೋಗುತ್ತದೆ ಎಂದ ಓಂಕಾರೇಶ್. ಇಳಿಸಿದೆ.

ಶಿವಪ್ರಿಯ ಬರಲಿಲ್ಲ. ನಿಲ್ದಾಣದ ಟಿವಿಯಲ್ಲಿದ್ದ ಬಸ್ಸುಗಳೆಲ್ಲ ಮಾಯವಾಗಿ, ದೊಡ್ಡ ಅಕ್ಷರದಲ್ಲಿ 'ಅಭಿನಂದನೆ! ನೀವು ಗೆದ್ದಿರುವಿರಿ!' ಎಂದು ಬಂತು. ಪ್ರಯಾಣಿಕರು ಶಾಂತರಾಗಿಯೇ ಇದ್ದರು. ಅಮೃತಾಪುರದ ತೀರ್ಥಮ್ಮನವರು ಮಾತ್ರ ಕಂಡಕ್ಟರನನ್ನು ಹಿಡಿದು, "ಈ ಅಭಿನಂದನೆ ನಮ್ಮೂರ ಗೇಟಲ್ಲಿ ನಿಲ್ಲುತ್ತೇನಪ್ಪಾ?" ಎಂದು ವಿಚಾರಿಸಿದರು.

ತುರ್ತು ಸಭೆ ಸೇರಿತು. ನಮ್ಮ ಮಾರ್ಗದಲ್ಲಿ ಹೊಸ ಬಸ್ಸೊಂದು ಹೇಳದೆ ಕೇಳದೆ ನುಗ್ಗಿದರೆ ಅನುಸರಿಸುವ ಕ್ರಮ ತಲೆಮಾರಿನಿಂದ ಒಂದೇ: ಮೊದಲು ಅಡ್ಡಗಟ್ಟುವುದು, ಆಮೇಲೆ ಬೈಯುವುದು, ಕೊನೆಗೆ ಕೂತು ಕಾಫಿ ಕುಡಿದು ಅದಕ್ಕೂ ಒಂದು ಟೈಮು ಕೊಡುವುದು. ಅದರಂತೆ ವೈರು ಕಿತ್ತು ಅಡ್ಡಗಟ್ಟಿದೆವು; ಸಿಕ್ಕಿಸಿದ ಕೂಡಲೇ ಮತ್ತೆ ಬಂತು. ಅಧ್ಯಕ್ಷ ಪ್ರಸನ್ನಕುಮಾರರು ಕಂಪ್ಯೂಟರಿನ ಎದುರು ನಿಂತು ಅದರ ವಂಶವನ್ನೆಲ್ಲ ಬೈದರು. ಅದು ಅವರನ್ನೂ ಅಭಿನಂದಿಸಿತು. ಕಾಫಿ ಬಂತು, ವೈರಸ್ಸಿನ ಪಾಲಿನ ಲೋಟವನ್ನು ಕಾಂತರಾಜ ಖಾಲಿ ಮಾಡಿದ.

ಆಗ ಪರದೆಯ ಮೂಲೆಯಲ್ಲಿ 'ಆಮೇಲೆ ನೆನಪಿಸು' ಎಂಬ ಪುಟ್ಟ ಗುಂಡಿ ಇರುವುದನ್ನು ನಾನೇ ಕಂಡುಹಿಡಿದೆ. ಒತ್ತಿದರೆ ವೈರಸ್ಸು ತೆಪ್ಪಗೆ ಹೋಗುತ್ತದೆ, ಯಾವಾಗ ಬರಲಿ ಎಂದು ಗಂಟೆಯನ್ನೂ ಕೇಳುತ್ತದೆ.

"ಟೈಮ್ ಕೇಳ್ತಿದೆ ಕಣ್ರೀ ಪಾಪ" ಎಂದ ಕಾಂತರಾಜ. "ನಮಗಿಂತ ಮರ್ಯಾದಸ್ಥ. ತಂದೋರು ಕೊಡ್ಲಿ."

ಓಂಕಾರೇಶನ ಮುಖ ಇಳಿಯಿತು. ಸಭೆ ಮುಗಿಯುವಷ್ಟರಲ್ಲಿ ಅವನ ಎರಡು ಹತ್ತರ ಟ್ರಿಪ್ಪು ವೈರಸ್ಸಿನ ಪಾಲಾಗಿತ್ತು. ಪ್ರಕಟಣೆಯನ್ನು ನಾನೇ ಬರೆದು ಅಂಟಿಸಿದೆ: 'ಸಾರ್ವಜನಿಕರ ಗಮನಕ್ಕೆ. ಪ್ರತಿದಿನ ಮಧ್ಯಾಹ್ನ ಎರಡು ಹತ್ತರಿಂದ ಮೂರರವರೆಗೆ ಅಭಿನಂದನೆ ಇರುತ್ತದೆ. ಉಳಿದ ವೇಳೆಯಲ್ಲಿ ಯಾರೂ ಗೆಲ್ಲತಕ್ಕದ್ದಲ್ಲ.'

ಒಂದು ವಾರ ಓಂಕಾರೇಶ್ ಖಾಲಿ ಬಸ್ಸಿನಲ್ಲಿ ಕೂತು ಟಿವಿ ನೋಡಿದ. ಎರಡು ಹತ್ತಾಯಿತೆಂದರೆ ಜನ ಗಂಟುಮೂಟೆ ಎತ್ತಿಕೊಂಡು ಸಾಲಾಗಿ ನಿಲ್ಲುತ್ತಿದ್ದರು. ಅಭಿನಂದನೆ ಬರುತ್ತಿತ್ತು, ಬಸ್ಸು ಬರುತ್ತಿರಲಿಲ್ಲ. ಎಂಟನೇ ದಿನ ಅವನು ಶಿವಪ್ರಿಯದ ಹಣೆಗೆ ಬಣ್ಣ ಬಳಿಸಿ, 'ಅಭಿನಂದನೆ' ಎಂದು ಬರೆಸಿ, ಸರಿಯಾಗಿ ಎರಡು ಹತ್ತಕ್ಕೆ ತಂದು ನಿಲ್ಲಿಸಿದ. ಬಸ್ಸು ಬಾಗಿಲಲ್ಲಿ ಜೋತುಬೀಳುವಷ್ಟು ತುಂಬಿತು. ನೀವು ಗೆದ್ದಿರುವಿರಿ ಎಂದು ಬರೆದಿದೆಯಲ್ಲ ಎಂದು ತೀರ್ಥಮ್ಮನವರು ಕಿಟಕಿ ಸೀಟು ಕೇಳಿದರು. ಕೊಡಲಾಯಿತು.

ಸಂಗೀತಾ ಬಂದು, "ಒಂದು ಗಂಟೆ ಕೊಡಿ ಅಂಕಲ್, ಎಲ್ಲಾ ಅಳಿಸಿ ಹೊಸದಾಗಿ ಹಾಕ್ಬಿಡ್ತೀನಿ, ವೈರಸ್ ಹೋಗುತ್ತೆ" ಎಂದಳು. ಎಲ್ಲರಿಗಿಂತ ಮೊದಲು ಬೇಡವೆಂದವನು ಓಂಕಾರೇಶ್. ಒಮ್ಮೆ ಕೊಟ್ಟ ಟೈಮನ್ನು ಕಿತ್ತುಕೊಳ್ಳುವ ಅಧಿಕಾರ ಸಂಘಕ್ಕಿಲ್ಲವೆಂದು ಅಧ್ಯಕ್ಷರೂ ತೀರ್ಪಿತ್ತರು. ಆಕೆಯ ಸಲಹೆಯನ್ನು ಗಮನಿಸಲಾಯಿತು.

ಕಳೆದ ತಿಂಗಳು ತರೀಕೆರೆಯ ಹುಡುಗರು ಆಟಕ್ಕೆ ಹೊಸ ಬಸ್ಸು ಸೇರಿಸಿದ್ದಾರೆ. ಹಣೆಯ ಮೇಲೆ 'ಅಭಿನಂದನೆ', ಕಿಟಕಿಯಲ್ಲಿ ತೀರ್ಥಮ್ಮನವರು. ಈಗ ಓಂಕಾರೇಶನ ನಡಿಗೆ ಬದಲಾಗಿದೆ.

ನಿನ್ನೆ ಕಾಂತರಾಜ ಕಚೇರಿಗೆ ಬಂದು, ಬಾಗಿಲು ಮುಂದಕ್ಕೆ ಮಾಡಿ, ಮೆಲ್ಲಗೆ ಕೇಳಿದ: "ಬಸವರಾಜಪ್ಪಣ್ಣ, ನಮ್ ಗಾಡಿಗೂ ಒಂದು ಒಳ್ಳೇ ವೈರಸ್ಸು ನೋಡಿ."

"ಅರ್ಜಿ ಕೊಟ್ಟು ಹೋಗಪ್ಪಾ" ಎಂದೆ. "ಸದ್ಯಕ್ಕೆ ಯಾವ ಟೈಮೂ ಖಾಲಿ ಇಲ್ಲ."